ತೂತಿದ್ದರೇ ಕುಂಡ, ಇಲ್ಲದಿದ್ದರೆ ಸೊಳ್ಳೆಯ ತೊಟ್ಟಿಲು

ಬೇಸಿಗೆ ರಜೆ ಹತ್ತಿರ ಬಂತೆಂದರೆ ನನಗೆ ಬರುವ ಪತ್ರಗಳೆಲ್ಲ ಒಂದೇ ತರಹ. ಮಕ್ಕಳನ್ನು ಹಿಡಿದು ಕೂರಿಸುವುದು ಹೇಗೆ, ಮೊಬೈಲು ಕೈಬಿಡುವುದಿಲ್ಲ, ಖರ್ಚಿಲ್ಲದ ಕೆಲಸ ಏನಾದರೂ ಹೇಳಿಕೊಡಿ ಎಂದು. ಈ ಸಲ ಹಾಸನದ ಕಡೆಯ ಸೋದರಿಯೊಬ್ಬರು ನೇರವಾಗಿಯೇ ಕೇಳಿದ್ದಾರೆ: ಮನೆಯಲ್ಲಿ ಬಿದ್ದಿರುವ ಹಳೆಯ ಡಬ್ಬ, ಬಕೆಟ್ಟುಗಳಲ್ಲಿ ಮಕ್ಕಳ ಕೈಯಲ್ಲಿ ಗಿಡ ಹಾಕಿಸಬೇಕೆಂದಿದ್ದೇನೆ, ಎಲ್ಲಿಂದ ಶುರು ಮಾಡಲಿ?

ಖಂಡಿತ ಹಾಕಿಸಿ ಸೋದರಿ. ಆದರೆ ನಾನು ಮಾಡಿದ ಹಾಗೆ ಮಾಡಬೇಡಿ. ನಾನು ಏನು ಮಾಡಿದೆ ಎಂದು ಹೇಳುತ್ತಾ ಹೋಗುತ್ತೇನೆ, ಹೇಗೆ ಮಾಡಬೇಕೆಂಬುದು ಅದರಲ್ಲೇ ಬಂದುಬಿಡುತ್ತದೆ. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದ್ದೆ. ನಿಮ್ಮ ಪತ್ರ ಬಂದ ಮೇಲೆ ಬರೆಯದಿದ್ದರೆ ತಪ್ಪಾಗುತ್ತದೆ ಅನ್ನಿಸಿತು.

ನಮ್ಮೂರು ತಿಪಟೂರು. ಕೊಬ್ಬರಿಗೆ ಹೆಸರಾದ ಊರು. ಊರು ದಾಟಿದರೆ ಎತ್ತ ನೋಡಿದರೂ ತೆಂಗಿನ ತೋಟ. ಹಾಗೆಂದು ಊರೊಳಗೆ ಬಾಡಿಗೆ ಮನೆಯಲ್ಲಿರುವ ನಮಗೆ ಏನು ಬಂತು? ಮುಂದೆ ಆರಡಿ ಸಿಮೆಂಟು, ಹಿಂದೆ ಬಟ್ಟೆ ಒಗೆಯುವ ಕಲ್ಲು, ಮೇಲೆ ತಾರಸಿ. ಹಬ್ಬಕ್ಕೆ ಎರಡು ತುಳಸಿ ದಳ ಬೇಕಾದರೂ ಪಕ್ಕದ ಮನೆಯ ಅಜ್ಜಿಯನ್ನೇ ಕೇಳಬೇಕು.

2024ರ ಏಪ್ರಿಲ್ ತಿಂಗಳು. ದೊಡ್ಡವನು ಏಳನೆಯ ತರಗತಿ ಮುಗಿಸಿದ್ದ, ಚಿಕ್ಕವಳು ಮೂರನೆಯದು. ಆ ವರ್ಷದ ಬಿಸಿಲು ನಿಮಗೂ ನೆನಪಿರಬೇಕು, ಹೊರಗೆ ಕಾಲಿಡುವ ಹಾಗಿರಲಿಲ್ಲ. ಇಬ್ಬರೂ ಅಪ್ಪನ ಹಳೆಯ ಫೋನಿಗಾಗಿ ಬೆಳಗಿನಿಂದ ಸಂಜೆಯವರೆಗೆ ಜಗಳ. ಒಂದು ದಿನ ರೇಗಿ, ಫೋನನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟು, "ನಡೀರಿ, ಅಟ್ಟ ಚೊಕ್ಕಟ ಮಾಡೋಣ" ಎಂದೆ. ಯುಗಾದಿಗೆ ಆಗಬೇಕಾಗಿದ್ದ ಕೆಲಸ ಅದು, ಸೊಂಟ ನೋವೆಂದು ಮುಂದೂಡಿದ್ದೆ.

ಅಟ್ಟದಿಂದ ಇಳಿದದ್ದನ್ನು ನೋಡಿ ನನಗೇ ನಾಚಿಕೆಯಾಯಿತು. ಕೈ ಮುರಿದ ಪ್ಲಾಸ್ಟಿಕ್ ಬಕೆಟ್ಟು ಎರಡು. ಹದಿನೈದು ಕೆಜಿಯ ಎಣ್ಣೆ ಟಿನ್ನು ಮೂರು. ಗೋಡೆಗೆ ಹೊಡೆಸಿದ ಡಿಸ್ಟೆಂಪರಿನ ದೊಡ್ಡ ಡಬ್ಬ. ತಳ ಉಬ್ಬಿ ಮೂಲೆಗೆ ಬಿದ್ದ ಕುಕ್ಕರು. ಚಿಕ್ಕವಳಿಗೆ ಎಣ್ಣೆ ನೀರು ಹಾಕುತ್ತಿದ್ದ ಪುಟ್ಟ ಟಬ್ಬು. ಅವಳು ಎಲ್‌ಕೆಜಿಗೆ ತೆಗೆದುಕೊಂಡು ಹೋಗುತ್ತಿದ್ದ ಸ್ಟೀಲಿನ ಊಟದ ಡಬ್ಬಿ, ಮುಚ್ಚಳವಿಲ್ಲದ್ದು. ಇವನ್ನೆಲ್ಲ ತಾರಸಿಯ ಮೇಲೆ ಸಾಲಾಗಿ ಇಟ್ಟಾಗ ಚಿಕ್ಕವಳೇ ಕೇಳಿದಳು, "ಅಮ್ಮಾ, ಇವುಗಳಲ್ಲಿ ಗಿಡ ಹಾಕೋಣ್ವಾ? ನನ್ನ ಡಬ್ಬಿ ನಂಗೇ ಬೇಕು."

ಸಂಜೆ ಮನೆಗೆ ಬಂದ ನಮ್ಮ ಯಜಮಾನರು ತಾರಸಿ ನೋಡಿ, "ಏನಿದು, ಗುಜರಿ ಅಂಗಡಿ ಇಡ್ತೀಯೇನೇ?" ಎಂದರು. ನಾನೂ ಸುಮ್ಮನಿರಲಿಲ್ಲ. ಚಂಡೀಗಢದಲ್ಲಿ ನೇಕ್ ಚಂದ್ ಎಂಬುವರಿದ್ದರಲ್ಲ, ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಒಡೆದ ಬಳೆ, ಪಿಂಗಾಣಿ ಚೂರು, ಬಿಸಾಡಿದ ಸಾಮಾನನ್ನೆಲ್ಲ ಯಾರಿಗೂ ಹೇಳದೆ ಕಾಡಿನೊಳಗೆ ಸೇರಿಸಿ ಸೇರಿಸಿ ಗೊಂಬೆಗಳ ತೋಟವನ್ನೇ ಕಟ್ಟಿದರು. 1976ರಲ್ಲಿ ಅದನ್ನು ಜನರಿಗೆ ತೆರೆದರು, 1984ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗ್ರಂಥಾಲಯದ ವಾರಪತ್ರಿಕೆಯಲ್ಲಿ ಓದಿದ್ದು ನೆನಪಿತ್ತು, ಹೇಳಿದೆ. "ಹಾಗಾದರೆ ನಿನಗೂ ಬರಲಿ" ಎಂದು ಕಾಫಿ ಕೇಳಿದರು. ಅಷ್ಟಕ್ಕೆ ಅನುಮತಿ ಸಿಕ್ಕಿತೆಂದು ತಿಳಿದುಕೊಂಡೆವು.

ಯಾವ ಡಬ್ಬ ಆಗುತ್ತದೆ, ಯಾವುದು ಆಗುವುದಿಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಕೀಟನಾಶಕದ ಡಬ್ಬಿ, ಆಸಿಡ್ ಕ್ಯಾನು, ಹಳೆಯ ಬ್ಯಾಟರಿ ಪೆಟ್ಟಿಗೆ ಮಕ್ಕಳ ಹತ್ತಿರವೂ ಬರಕೂಡದು, ಎಷ್ಟು ತೊಳೆದರೂ ಅಷ್ಟೆ. ಒಡೆದ ಆಸ್‌ಬೆಸ್ಟಾಸ್ ಶೀಟಿನಲ್ಲಿ ಪಾತಿ ಕಟ್ಟುವವರಿದ್ದಾರೆ, ಅದರ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಪೇಂಟಿನ ಡಬ್ಬ, ಹಳೆಯ ಟೈರು ಹೂವಿನ ಗಿಡಕ್ಕೆ ಸಾಕು, ತಿನ್ನುವ ಸೊಪ್ಪಿಗೆ ಬೇಡ. ಎಣ್ಣೆ ಟಿನ್ನು, ಬಕೆಟ್ಟು, ಅಡಿಗೆ ಪಾತ್ರೆ, ಅಕ್ಕಿ ಚೀಲ, ಗೋಣಿಚೀಲ ಇವು ನಮ್ಮಂಥವರಿಗೆ ಧಾರಾಳ. ಹಾಲಿನ ಕವರು ಕೂಡ ಸಸಿ ಎಬ್ಬಿಸಲು ಚೆನ್ನ. ಮೇಲಿನ ಅಂಚು ಕತ್ತರಿಸಿ, ತೊಳೆದು, ಕೆಳಗಿನ ಎರಡು ಮೂಲೆ ಚಿವುಟಿದರೆ ಆಯಿತು.

ಎಣ್ಣೆ ಟಿನ್ನಿನ ಬಾಯಿಯನ್ನು ಮಾತ್ರ ನೀವೇ ಕತ್ತರಿಸಲು ಹೋಗಬೇಡಿ. ತಗಡಿನ ಕೆಲಸದವರ ಹತ್ತಿರ ಕೊಟ್ಟು, ಅಡ್ಡಕ್ಕೆ ಎರಡು ಭಾಗ ಮಾಡಿಸಿ, ಅಂಚು ಮಡಿಸಿಕೊಳ್ಳಿ. ನನ್ನ ಹತ್ತಿರ ಟಿನ್ನಿಗೆ 30 ರೂಪಾಯಿ ತೆಗೆದುಕೊಂಡರು. ಒಂದು ಟಿನ್ನಿಗೆ ಎರಡು ಕುಂಡ, ಅಂಗಡಿಯ ಕುಂಡದ ಬೆಲೆ ಕೇಳಿ ಬಂದವರಿಗೆ ಇದೇನೂ ಹೆಚ್ಚಲ್ಲ.

ಆಮೇಲೆ ಮಣ್ಣು. ಮಕ್ಕಳಿಗೆ ಇದರಷ್ಟು ಖುಷಿಯ ಭಾಗ ಇನ್ನೊಂದಿಲ್ಲ. ಕೆಂಪು ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು. ಮೇಲೆ ಒಂದು ಹಿಡಿ ಬೇವಿನ ಹಿಂಡಿ. ನಾರಿನ ಪುಡಿಯನ್ನು ಪಟ್ಟಣಗಳಲ್ಲಿ ಇಟ್ಟಿಗೆಯ ಹಾಗೆ ಒತ್ತಿ, ಕೋಕೋಪೀಟ್ ಎಂದು ಹೆಸರಿಟ್ಟು ಮಾರುತ್ತಾರೆ. ನಮ್ಮ ಕಡೆ ನಾರಿನ ಮಿಲ್ಲುಗಳ ಹಿಂದೆ ಗುಡ್ಡೆ ಬಿದ್ದಿರುತ್ತದೆ, ಕೇಳಿದರೆ ಒಂದು ಚೀಲ ಕೊಡುತ್ತಾರೆ. ಹಾಗೆ ತಂದದ್ದನ್ನು ನೇರ ಹಾಕಬೇಡಿ. ಹೊಸ ಪುಡಿಯಲ್ಲಿ ಉಪ್ಪು, ಒಗರು ಇರುತ್ತದೆ, ಎಳೆ ಬೇರು ತಡೆಯುವುದಿಲ್ಲ. ಬಕೆಟ್ಟಿನಲ್ಲಿ ನೆನೆಸಿ, ಕಂದು ನೀರನ್ನು ಎರಡು ಮೂರು ಸಲ ಬಸಿದು, ಹಿಂಡಿ ಹಾಕಿ. ಮಣ್ಣಿನ ಹದ ಕೈಗೆ ಗೊತ್ತಾಗಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು, ರವೆ ಉಂಡೆಗೆ ಹಾಲು ಚಿಮುಕಿಸಿದಾಗ ಬರುತ್ತದಲ್ಲ, ಆ ಹದ. ಚಿಕ್ಕವಳಿಗೆ ಹೀಗೆ ಹೇಳಿಕೊಟ್ಟ ಮೇಲೆ ಅವಳು ಮಣ್ಣಿನಲ್ಲಿ ಹದಿನೆಂಟು ಉಂಡೆ ಕಟ್ಟಿ, ತಟ್ಟೆಯಲ್ಲಿ ಜೋಡಿಸಿ, ಅಪ್ಪನ ಮುಂದೆ ಇಟ್ಟು ಬಂದಳು.

ಕುಂಡದ ಅಂದದ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಸುಣ್ಣ ಬಳಿದರೆ ತಗಡು ಅಷ್ಟು ಕಾಯುವುದಿಲ್ಲ, ಬೇರಿಗೆ ತಂಪು. ಅದರ ಮೇಲೆ ಮಕ್ಕಳು ಕೆಮ್ಮಣ್ಣಿನಲ್ಲಿ ಏನು ಬೇಕಾದರೂ ಬರೆಯಲಿ. ದೊಡ್ಡವನು ಕ್ರಿಕೆಟ್ ಆಟಗಾರರ ನಂಬರುಗಳನ್ನು ಬರೆದ. ಚಿಕ್ಕವಳು ಒಂದು ಹಸು ಬರೆದಳು, ಅದು ನಾಯಿಯಂತೆ ಇತ್ತು. ತಿದ್ದಲು ಕೈ ತುರಿಸಿತು, ತಡೆದುಕೊಂಡೆ. ಅದೊಂದು ಬುದ್ಧಿ ನನಗೆ ಆಗ ಇತ್ತು.

ಬೀಜ ಎಂದರೆ ಮೊದಲ ಸಲಕ್ಕೆ ಮೆಂತ್ಯವೇ ಸರಿ. ಮಕ್ಕಳಿಗೆ ಕಾಯುವ ತಾಳ್ಮೆ ಇರುವುದಿಲ್ಲ ನೋಡಿ. ಒಗ್ಗರಣೆ ಡಬ್ಬಿಯಿಂದಲೇ ಒಂದು ಹಿಡಿ ತೆಗೆದು ರಾತ್ರಿ ನೆನೆಸಿ, ಬೆಳಿಗ್ಗೆ ಚೆಲ್ಲಿ, ಮೇಲೆ ಕಿರುಬೆರಳ ಉಗುರಿನಷ್ಟು ಮಣ್ಣು ಉದುರಿಸಿ. ಮೂರು ನಾಲ್ಕು ದಿನಕ್ಕೆ ತಲೆ ಎತ್ತುತ್ತದೆ, 20-25 ದಿನಕ್ಕೆ ಸೊಪ್ಪು ಕೊಯ್ಯಬಹುದು. ಅಂಗೈ ಆಳದ ಪಾತ್ರೆಯಾದರೂ ಸಾಕು. ಕೊತ್ತಂಬರಿ ಬೀಜವನ್ನು ಚಪ್ಪಲಿಯಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಹಾಕಬೇಕು, ಅದು ಮೊಳೆಯಲು ಎಂಟು ಹತ್ತು ದಿನ ಬೇಕು. ದಂಟಿನ ಸೊಪ್ಪು ಒಂದು ತಿಂಗಳು. ದೊಡ್ಡಪತ್ರೆ, ಪುದೀನ, ಬಸಳೆಗೆ ಬೀಜವೇ ಬೇಡ, ಕಡ್ಡಿ ಚುಚ್ಚಿದರೆ ಸಾಕು. ಟೊಮೇಟೊ, ಬದನೆ, ಮೆಣಸಿನಗಿಡಕ್ಕೆ ಮಾತ್ರ ಒಂದಡಿ ಆಳ ಬೇಕು, ಬಕೆಟ್ಟು ಅವಕ್ಕಿರಲಿ. ಮಣ್ಣನ್ನು ಕಂಠದವರೆಗೆ ತುಂಬಬೇಡಿ. ಎರಡು ಬೆರಳು ಜಾಗ ಬಿಟ್ಟರೆ ಹಾಕಿದ ನೀರು ನಿಂತು ಇಳಿಯುತ್ತದೆ, ಇಲ್ಲದಿದ್ದರೆ ಮಣ್ಣಿನ ಸಮೇತ ಹೊರಗೆ ಹರಿಯುತ್ತದೆ.

ಇಷ್ಟೆಲ್ಲವನ್ನೂ ನಾನು ಸರಿಯಾಗಿಯೇ ಮಾಡಿದ್ದೆ. ತಪ್ಪಿದ್ದು ತೂತಿನಲ್ಲಿ.

ಕುಂಡದ ತಳಕ್ಕೆ ತೂತಿರಬೇಕೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಟಿನ್ನುಗಳಿಗೆ, ಬಕೆಟ್ಟಿಗೆ ದೊಡ್ಡವನ ಕೈಯಲ್ಲಿ ತೂತು ಹೊಡೆಸಿದ್ದೆ. ಆದರೆ ಕುಕ್ಕರು, ಟಬ್ಬು, ಊಟದ ಡಬ್ಬಿ, ಈ ಮೂರಕ್ಕೆ ಮನಸ್ಸು ಬರಲಿಲ್ಲ. ನೀವೇ ಯೋಚಿಸಿ. ಮದುವೆಯಾಗಿ ಬಂದಾಗಿನಿಂದ ಪಾತ್ರೆಗೆ ತೂತು ಬೀಳದ ಹಾಗೆ ಕಾಯುವುದೇ ನಮ್ಮ ಕೆಲಸ. ಸೋರಿದರೆ ಬೆಸುಗೆ ಹಾಕಿಸುತ್ತೇವೆ, ಬೆಸುಗೆಯೂ ಹೋದರೆ ಪಾತ್ರೆಯವನಿಗೆ ಕೊಟ್ಟು ಹೊಸದು ತೆಗೆದುಕೊಳ್ಳುತ್ತೇವೆ. ಅಂಥದ್ದರಲ್ಲಿ ನೆಟ್ಟಗಿರುವ ಸ್ಟೀಲ್ ಡಬ್ಬಿಗೆ ನಾನೇ ಮೊಳೆ ಇಟ್ಟು ಹೊಡೆಯುವುದೇ? ಕುಕ್ಕರನ್ನು ಎಂದಾದರೂ ರಿಪೇರಿ ಮಾಡಿಸಿಯೇನು ಎಂಬ ಆಸೆ ಬೇರೆ. ಟಬ್ಬು ನಾದಿನಿಯ ಮಗುವಿಗೆ ಬೇಕಾದೀತು. "ಕೆಳಗೆ ಒಂದು ಪದರ ಜಲ್ಲಿಕಲ್ಲು ಹಾಕೋಣ, ನೀರು ಅಲ್ಲಿಗೆ ಇಳೀತದೆ" ಎಂದು ಮಕ್ಕಳಿಗೆ ಸಮಾಧಾನ ಹೇಳಿದೆ. ನೀರು ಇಳಿಯುವುದು ನಿಜ. ಇಳಿದು ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಿಕೊಳ್ಳಲಿಲ್ಲ.

ಎರಡನೆಯ ತಪ್ಪು, ತಟ್ಟೆ. ತಾರಸಿಗೆ ಕೆಂಪು ಕಲೆ ಬಿದ್ದರೆ ಮನೆ ಮಾಲೀಕರು ಮಾತಾಡುತ್ತಾರೆಂದು ತೂತಿರುವ ಒಂದೊಂದು ಕುಂಡದ ಕೆಳಗೂ ಹಳೆಯ ಪ್ಲಾಸ್ಟಿಕ್ ತಟ್ಟೆ ಇಟ್ಟೆ.

ಮೇ ತಿಂಗಳಲ್ಲಿ ಚಿಕ್ಕವಳ ಊಟದ ಡಬ್ಬಿಯ ಮೆಂತ್ಯ ಹಳದಿಯಾಗಿ, ಬುಡ ಕೊಳೆತು, ಒಂದು ತರಹದ ಚರಂಡಿ ವಾಸನೆ ಬಂತು. ಟಿನ್ನಿನಲ್ಲಿ ಹಾಕಿದ ಅಣ್ಣನ ಮೆಂತ್ಯ ಮೊಣಕೈ ಎತ್ತರ ಬೆಳೆದಿತ್ತು. "ನೀರು ಸುರಿದು ಸುರಿದು ಕೊಳೆಸಿದ್ದೀಯ" ಎಂದು ಗದರಿದೆ. "ಸ್ವಲ್ಪಾನೇ ಹಾಕಿದ್ದೆ ಅಮ್ಮಾ" ಎಂದಳು. ಅವಳು ಹೇಳಿದ್ದು ನಿಜ. ಬೇರಿಗೂ ಉಸಿರು ಬೇಕು. ನೀರಿಗೆ ದಾರಿ ಇಲ್ಲದಿದ್ದರೆ ದಿನಕ್ಕೆ ಒಂದು ಲೋಟ ಹಾಕಿದರೂ ವಾರದಲ್ಲಿ ಏಳು ಲೋಟ ಒಳಗೇ ಕೂರುತ್ತದೆ. ಕುಕ್ಕರಿನ ದೊಡ್ಡಪತ್ರೆ, ಟಬ್ಬಿನ ಪುದೀನ ಕೂಡ ಹಾಗೆಯೇ ಹೋದವು. ಮೂರನ್ನೂ ಮೆಟ್ಟಿಲ ಕೆಳಗಿನ ಮೂಲೆಗೆ ತಳ್ಳಿದೆ, ಆಮೇಲೆ ನೋಡಿದರಾಯಿತೆಂದು. ಜೂನ್‌ನಲ್ಲಿ ಶಾಲೆ, ಸಮವಸ್ತ್ರ, ಪುಸ್ತಕದ ಬೈಂಡು. ಮಳೆಯೂ ಶುರುವಾಯಿತು. ಆ ಮೂಲೆಯನ್ನು ಯಾರೂ ನೋಡಲಿಲ್ಲ.

ಜುಲೈ ಎರಡನೆಯ ವಾರ ದೊಡ್ಡವನಿಗೆ ಜ್ವರ ಬಂತು. ಕಣ್ಣಿನ ಹಿಂದೆ ನೋವು, ಸೊಂಟ ಮುರಿದ ಹಾಗೆ ನೋವು, ಅನ್ನ ಕಂಡರೆ ವಾಂತಿ. ರಕ್ತ ನೋಡಿದರು, ಡೆಂಗ್ಯೂ ಎಂದರು. ನಾಲ್ಕು ರಾತ್ರಿ ಆಸ್ಪತ್ರೆಯಲ್ಲಿದ್ದೆವು. ಆ ನಾಲ್ಕು ರಾತ್ರಿಯ ವಿಷಯ ನಾನು ಬರೆಯುವುದಿಲ್ಲ. ತಾಯಂದಿರಿಗೆ ಹೇಳಬೇಕಾದ ಎರಡು ಮಾತು ಮಾತ್ರ ಬರೆಯುತ್ತೇನೆ, ವೈದ್ಯರು ಹೇಳಿದ್ದು. ಇಂಥ ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆಯನ್ನು, ಆಸ್ಪಿರಿನ್ ಆಗಲಿ ಐಬುಪ್ರೊಫೆನ್ ಆಗಲಿ, ನಾವಾಗಿಯೇ ಕೊಡಬಾರದು, ರಕ್ತಸ್ರಾವಕ್ಕೆ ದಾರಿಯಾಗುತ್ತದೆ. ಮತ್ತು ಜ್ವರ ಬಿಟ್ಟಿತೆಂದು ಮೈಮರೆಯಬಾರದು, ಜ್ವರ ಇಳಿದ ಆ ಒಂದೆರಡು ದಿನವೇ ಕಾಯಬೇಕಾದ ದಿನ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು.

ನಾವು ಮನೆಗೆ ಬಂದ ಮಾರನೆಯ ದಿನ ಪಕ್ಕದ ಮನೆ ಅಜ್ಜಿಯ ಮೊಮ್ಮಗನಿಗೂ ಜ್ವರ. ಅದರ ಹಿಂದೆಯೇ ಆಶಾ ಕಾರ್ಯಕರ್ತೆ ಟಾರ್ಚು ಹಿಡಿದು ಬಂದರು. "ಅಕ್ಕಾ, ಮನೆ ಸುತ್ತ ಒಂದ್ಸಲ ನೋಡ್ತೀನಿ" ಎಂದರು. ನೋಡಿ ಎಂದೆ. ನಮ್ಮ ಮನೆ ಚೊಕ್ಕಟವೆಂದು ನನಗೆ ಸ್ವಲ್ಪ ಗರ್ವವೇ ಇತ್ತು.

ಮೆಟ್ಟಿಲ ಕೆಳಗೆ ಬಗ್ಗಿದವರು ಅಲ್ಲಿಂದಲೇ ಕರೆದರು. ಟಬ್ಬಿನಲ್ಲಿ ಕೆಸರಿನ ಮೇಲೆ ನಾಲ್ಕು ಬೆರಳು ತಿಳಿನೀರು ನಿಂತಿತ್ತು. ಟಾರ್ಚು ಬಿಟ್ಟಾಗ ಅದರಲ್ಲಿ ಎಳ್ಳಿನಷ್ಟು, ಜೀರಿಗೆಯಷ್ಟು ಹುಳುಗಳು ತಲೆ ಕೆಳಗಾಗಿ ತೂಗುತ್ತಿದ್ದವು. ನೆರಳು ಬಿದ್ದರೆ ಬಳುಕುತ್ತಾ ತಳಕ್ಕೆ ಹೋಗುವುದು, ಮತ್ತೆ ಮೇಲೆ ಬರುವುದು. ಕುಕ್ಕರಿನಲ್ಲೂ ಇದ್ದವು. ತಾರಸಿಗೆ ಹೋದರೆ ನಾಲ್ಕು ತಟ್ಟೆಗಳಲ್ಲೂ ಇದ್ದವು. "ಚರಂಡಿ ಸೊಳ್ಳೆ ಬೇರೆ ಅಕ್ಕಾ, ಇದು ಹಗಲು ಕಚ್ಚೋದು. ಇದಕ್ಕೆ ಹಿಂಗೇ ಮನೆ ಹತ್ರ ನಿಂತ ತಿಳಿನೀರೇ ಬೇಕು. ಮೊಟ್ಟೆ ಇಟ್ಟು ಹಾರೋ ಹೊತ್ತಿಗೆ ಏಳರಿಂದ ಹತ್ತು ದಿನ ಸಾಕು" ಎಂದು ಹೇಳುತ್ತಾ ಒಂದೊಂದನ್ನೇ ಬಿಸಿಲಿಗೆ ಚೆಲ್ಲಿದರು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಕಾಂಪೌಂಡಿನ ಆಚೆ ಅಜ್ಜಿಯ ಸೊಸೆ ನಿಂತು ನೋಡುತ್ತಿದ್ದಳು. ಆಗಿನ್ನೂ ದಂಡ ಇರಲಿಲ್ಲ. ಆ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಹೀಗೆ ಸೊಳ್ಳೆ ಬೆಳೆಸಿದ ಮನೆಗಳಿಗೆ ಪಟ್ಟಣದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು.

ಮಾರನೆಯ ಬೆಳಿಗ್ಗೆ ತಾರಸಿಗೆ ಬಟ್ಟೆ ಹರವಲು ಹೋದರೆ ಎದೆ ಧಸಕ್ಕೆಂದಿತು. ಎಲ್ಲ ಕುಂಡಗಳೂ ಬೋರಲು ಬಿದ್ದಿದ್ದವು. ಹೂ ಬಿಟ್ಟಿದ್ದ ಟೊಮೇಟೊ ಗಿಡ ಬೇರು ಮೇಲಾಗಿ ಮಲಗಿತ್ತು, ಹಸು ಬರೆದ ಟಿನ್ನಿನ ಕೊತ್ತಂಬರಿ ಸಿಮೆಂಟಿನ ಮೇಲೆ ಬಾಡುತ್ತಿತ್ತು. ಬೆಕ್ಕೋ, ಕೋತಿಯೋ ಎಂದುಕೊಂಡೆ. ನೀರಿನ ಟ್ಯಾಂಕಿನ ಹಿಂದೆ ಚಿಕ್ಕವಳು ಕೂತಿದ್ದಳು, ಕೈಯೆಲ್ಲ ಮಣ್ಣು.

"ನನ್ನ ಡಬ್ಬಿಯಿಂದ್ಲೇ ಅಲ್ವಾ ಅಮ್ಮಾ ಅಣ್ಣಂಗೆ ಜ್ವರ ಬಂದಿದ್ದು?"

ಒಂಬತ್ತು ವರ್ಷದ ಹುಡುಗಿ. ನಾವು ಆಸ್ಪತ್ರೆಯಲ್ಲಿದ್ದ ಅಷ್ಟು ದಿನ ದೊಡ್ಡಮ್ಮನ ಮನೆಯಲ್ಲಿ ಒಬ್ಬಳೇ ಇದ್ದಳು, ಹಿಂದಿನ ದಿನ ಟಾರ್ಚಿನ ಬೆಳಕಿನಲ್ಲಿ ಎಲ್ಲವನ್ನೂ ಬಾಗಿಲ ಸಂದಿಯಿಂದ ನೋಡಿದ್ದಳು. ಹಾಗೇನಿಲ್ಲ ಪುಟ್ಟಿ, ಊರಲ್ಲೆಲ್ಲ ಸೊಳ್ಳೆ ಇದೆ ಎಂದುಬಿಡಬಹುದಿತ್ತು. ಬಾಯಿಗೆ ಬಂದದ್ದೂ ಅದೇ. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಕೂತುಕೊಂಡು ಹೇಳಿದೆ: "ಯಾವ ಸೊಳ್ಳೆ ಕಚ್ತು ಅಂತ ಯಾರಿಗೂ ಗೊತ್ತಾಗಲ್ಲ. ಆದ್ರೆ ನಿನ್ನ ಡಬ್ಬಿಗೆ ತೂತು ಬೇಡ ಅಂದದ್ದು ನಾನು. ಮೂಲೆಗೆ ತಳ್ಳಿದ್ದು ನಾನು, ತಟ್ಟೆ ಇಟ್ಟದ್ದೂ ನಾನೇ. ನೀನು ಗಿಡ ಹಾಕಿದೆ ಅಷ್ಟೆ. ಮೆಂತ್ಯ ಕೊಳೆತಾಗ ಬೈದದ್ದೂ ನನ್ನದೇ ತಪ್ಪು."

ಮಕ್ಕಳ ಮುಂದೆ ತಪ್ಪೊಪ್ಪಿಕೊಂಡರೆ ಸದರವಾಗುತ್ತೇವೆ ಎಂದು ನಮ್ಮ ತಾಯಿ ಹೇಳುತ್ತಿದ್ದರು. ಇರಬಹುದು. ಅವಳು ಅಳುವುದಕ್ಕೆ ಶುರುಮಾಡಿದ್ದು ಆಮೇಲೆಯೇ, ಅಷ್ಟು ದಿನ ಅತ್ತಿರಲಿಲ್ಲ.

ಪಕ್ಕದ ಮನೆಗೂ ಹೋಗಬೇಕಿತ್ತು. ಎರಡು ದಿನ ಮೀನಮೇಷ ಎಣಿಸಿ, ಕೊನೆಗೆ ಗಂಜಿಯ ಪಾತ್ರೆ ಹಿಡಿದು ಹೋದೆ. ಹುಡುಗನಿಗೆ ಜ್ವರ ಬಿಟ್ಟಿತ್ತು, ಪುಣ್ಯಕ್ಕೆ ಆಸ್ಪತ್ರೆ ಸೇರುವ ತನಕ ಹೋಗಲಿಲ್ಲ. ಸೊಸೆ ಮುಖ ಕೊಟ್ಟು ಮಾತಾಡಲಿಲ್ಲ, ಅವಳನ್ನು ತಪ್ಪೆನ್ನಲಾರೆ. ಅಜ್ಜಿ ಮಾತ್ರ, "ಬಿಡವ್ವ, ಹಿತ್ತಲಲ್ಲಿ ನನ್ನ ಒರಳುಕಲ್ಲಿನ ಗುಂಡೀಲೂ ಇದ್ವಂತೆ. ಒರಳನ್ನ ಬೋರಲು ಹಾಕಕ್ಕಾಯ್ತದಾ? ಮರಳು ತುಂಬ್ಸಿದೀನಿ" ಎಂದರು.

ಒಂದು ವಾರ ಬಿಟ್ಟು ಮತ್ತೆ ಕೂತೆವು. ದೊಡ್ಡವನು ಶಾಲೆಗೆ ಹೋಗುವಷ್ಟು ಗಟ್ಟಿಯಾಗಿರಲಿಲ್ಲ, ಕುರ್ಚಿಯಲ್ಲಿ ಕೂತು ಯಜಮಾನಿಕೆ ಮಾಡಿದ. ಈಗ ತೂತಿನ ಕ್ರಮವನ್ನು ಬಿಡಿಸಿ ಬರೆಯುತ್ತೇನೆ, ಸೋದರಿ, ನಿಮ್ಮ ಪ್ರಶ್ನೆಗೆ ಉತ್ತರವೆಂದರೆ ಇದೇ.

ಟಿನ್ನನ್ನು ಮರದ ತುಂಡಿನ ಮೇಲೆ ಕೂರಿಸಿ, ಮೊಳೆಯನ್ನು ಒಳಗಿನಿಂದ ಹೊರಕ್ಕೆ ಹೊಡೆಯಿರಿ. ಹೊರಗಿನಿಂದ ಹೊಡೆದರೆ ಚೂಪು ಅಂಚು ಒಳಗೆ ಉಳಿದು, ಮುಂದೆ ಮಣ್ಣು ಕೆದಕುವಾಗ ಮಗುವಿನ ಕೈ ಕೊಯ್ಯುತ್ತದೆ. ಪೆನ್ಸಿಲು ಹೋಗುವಷ್ಟು ದೊಡ್ಡದಿರಲಿ, ಅಂಗೈ ಅಗಲಕ್ಕೆ ಒಂದರಂತೆ ಇರಲಿ. ಸಣ್ಣ ತೂತು ಎರಡೇ ವಾರಕ್ಕೆ ಬೇರು ತುಂಬಿ ಮುಚ್ಚಿಹೋಗುತ್ತದೆ. ಹನ್ನೆರಡು ದಾಟಿದ ಮಕ್ಕಳು ಸುತ್ತಿಗೆ ಹಿಡಿಯಲಿ, ಚಿಕ್ಕವರು ಎಲ್ಲೆಲ್ಲಿ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಲಿ. ಪ್ಲಾಸ್ಟಿಕ್ಕಿಗೆ ಕಾಯಿಸಿದ ಸರಳು ಬೇಕು. ಅದು ದೊಡ್ಡವರ ಕೆಲಸ, ಬಯಲಿನಲ್ಲಿ ಮಾಡಿ, ಹೊಗೆ ಕುಡಿಯಬೇಡಿ. ಸ್ಟೀಲು, ಕುಕ್ಕರಿನ ತಳ ಮೊಳೆಗೆ ಬಗ್ಗುವುದಿಲ್ಲ. ನಮ್ಮವನ್ನು ವೆಲ್ಡಿಂಗ್ ಅಂಗಡಿಗೆ ಒಯ್ದೆ, ಅಲ್ಲಿಯ ಹುಡುಗ ಡ್ರಿಲ್ ಹಿಡಿದು ಎರಡಕ್ಕೂ ಸೇರಿ 20 ರೂಪಾಯಿ ತೆಗೆದುಕೊಂಡ. ಊಟದ ಡಬ್ಬಿಗೆ ಐದು ತೂತು. ಸ್ಟೀಲಿನ ಮೇಲೆ ಡ್ರಿಲ್ ಕಿರುಗುಟ್ಟಿದಾಗ ನನ್ನ ಹಲ್ಲು ಜುಮ್ಮೆಂದಿತು. ಚಿಕ್ಕವಳು ಡಬ್ಬಿಯನ್ನು ಆಕಾಶಕ್ಕೆ ಹಿಡಿದು ಒಂದೊಂದೇ ತೂತಿನಿಂದ ನೋಡಿದಳು.

ತೂತಿನ ಮೇಲೆ ಹಂಚಿನ ಚೂರನ್ನು ಬೆನ್ನು ಮೇಲಾಗಿ ಮುಚ್ಚಿ, ಮಣ್ಣು ನಿಲ್ಲುತ್ತದೆ, ನೀರು ಹೋಗುತ್ತದೆ. ಗಿಡ ಹಾಕುವ ಮೊದಲು ಖಾಲಿ ಕುಂಡಕ್ಕೆ ಒಂದು ಚೊಂಬು ನೀರು ಸುರಿದು ನೋಡಿ. ಎಣಿಸಲು ಮಕ್ಕಳಿಗೆ ಬಿಡಿ. ಇಪ್ಪತ್ತು ಎಣಿಸುವಷ್ಟರಲ್ಲಿ ಹೊರಗೆ ಬರದಿದ್ದರೆ ಇನ್ನೊಂದು ತೂತು.

ತಟ್ಟೆಯ ಸಹವಾಸ ಬೇಡ. ಎರಡು ಇಟ್ಟಿಗೆಯ ಮೇಲೆ ಕುಂಡ ಕೂರಿಸಿದರೆ ಕೆಳಗೆ ಗಾಳಿಯಾಡುತ್ತದೆ, ಟಿನ್ನು ಬೇಗ ತುಕ್ಕು ಹಿಡಿಯುವುದೂ ಇಲ್ಲ. ಕಲೆಯ ಭಯವಿದ್ದರೆ ತಟ್ಟೆಯ ತುಂಬ ಮರಳು ತುಂಬಿ ಇಡಿ, ಮರಳು ನೀರು ಹೀರುತ್ತದೆ, ನೀರು ಮೇಲೆ ನಿಲ್ಲುವುದಿಲ್ಲ. ಮಾಲೀಕರಿಗೆ ನಾನು ನಡೆದದ್ದನ್ನು ಹೇಳಿದೆ, ಅವರೇ ಹಳೆಯ ಇಟ್ಟಿಗೆ ಕೊಟ್ಟರು. ಸುಮ್ಮನೆ ಹೆದರಿಕೊಂಡಿದ್ದೆ ನೋಡಿ.

ಇನ್ನೊಂದು ಮಾತು, ಆಶಾ ಕಾರ್ಯಕರ್ತೆ ಒತ್ತಿ ಹೇಳಿದ್ದು. ನೀರು ಚೆಲ್ಲಿದರೆ ಮುಗಿಯಲಿಲ್ಲ. ಮೊಟ್ಟೆಗಳು ಪಾತ್ರೆಯ ಒಳಮೈಗೆ, ನೀರಿನ ಗೆರೆಯ ಹತ್ತಿರ ಅಂಟಿಕೊಂಡಿರುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ಮತ್ತೆ ನೀರು ಸೋಕಿದರೆ ಮರಿಯಾಗುತ್ತವೆ. ಆದ್ದರಿಂದ ವಾರಕ್ಕೊಮ್ಮೆ ತೆಂಗಿನ ನಾರಿನಲ್ಲಿ ಗಸಗಸ ಉಜ್ಜಿಯೇ ತೊಳೆಯಬೇಕು, ಡ್ರಮ್ಮು, ಬಕೆಟ್ಟು, ಹಕ್ಕಿಗೆ ನೀರಿಡುವ ಬಟ್ಟಲು, ಎಲ್ಲವನ್ನೂ. ನಮ್ಮ ಮನೆಯಲ್ಲಿ ಅದಕ್ಕೆ ಶುಕ್ರವಾರ, ಹೇಗೂ ಮನೆ ಸಾರಿಸುವ ದಿನ.

ಆ ಶುಕ್ರವಾರದ ಕೆಲಸವನ್ನು ಚಿಕ್ಕವಳೇ ವಹಿಸಿಕೊಂಡಳು. ನಾನು ಹೇಳಲಿಲ್ಲ. ಅಪ್ಪನ ಟಾರ್ಚು, ಹಳೆಯ ಡೈರಿ ಒಂದು. ಟಿನ್ನು, ಬಕೆಟ್ಟು, ಡಬ್ಬಿ ಎಂದು ಪಟ್ಟಿ ಬರೆದು ಮುಂದೆ ಸರಿ ಗುರುತು. ಕೆಲವು ವಾರ ಕಳೆದ ಮೇಲೆ ಪಕ್ಕದ ಮನೆಗೂ ಹೋಗತೊಡಗಿದಳು. ಅಜ್ಜಿಯ ಸೊಸೆ ಒಂದು ದಿನ ಕಾಂಪೌಂಡಿನ ಮೇಲಿಂದ, "ನಿಮ್ಮ ಇನ್ಸ್‌ಪೆಕ್ಟರಮ್ಮ ಈ ವಾರ ಬರ್ಲಿಲ್ವಲ್ಲ" ಎಂದು ಕೇಳಿದಳು. ಅವಳು ನನ್ನೊಡನೆ ಮಾತಾಡಿ ಒಂದೂವರೆ ತಿಂಗಳಾಗಿತ್ತು. ಹಾಗೆಯೇ ಒಂದು ಕಟ್ಟು ಮೆಂತ್ಯ ದಾಟಿಸಿದೆ, ತೆಗೆದುಕೊಂಡಳು.

ಹಸು ಬರೆದ ಟಿನ್ನು ಈಗ ಅಡಿ ತುಕ್ಕು ಹಿಡಿದು ಗುಜರಿಗೆ ಹೋಗಿದೆ. ಟಿನ್ನು ಒಂದೆರಡು ವರ್ಷಕ್ಕಿಂತ ಹೆಚ್ಚು ಬರುವುದಿಲ್ಲ, ಅದಕ್ಕೆ ದುಃಖ ಬೇಡ. ಊಟದ ಡಬ್ಬಿ ಮಾತ್ರ ಗಟ್ಟಿಯಾಗಿದೆ. ಅದರಲ್ಲಿ ಒಂದೆಲಗ ಹಬ್ಬಿ ನಾಲ್ಕೂ ಕಡೆ ಜೋತುಬಿದ್ದಿದೆ, ತಂಬುಳಿಗೆ ವಾರಕ್ಕೊಮ್ಮೆ ಆಗುತ್ತದೆ.

ಕಳೆದ ಶುಕ್ರವಾರ ನಾನು ಒಗ್ಗರಣೆಗೆ ಇಟ್ಟಿದ್ದೆ. "ಅಮ್ಮಾ, ಇಲ್ಲಿ ಬಾ" ಎಂದು ಕರೆದಳು. ಅಡಿಗೆಮನೆಯಲ್ಲೇ, ಫ್ರಿಜ್ಜಿನ ಹಿಂದೆ, ಹೊಟ್ಟೆಯ ಮೇಲೆ ಮಲಗಿದ್ದಳು. ಫ್ರಿಜ್ಜಿನ ಬೆನ್ನಿನ ಕೆಳಗೆ ನೀರು ಬಸಿಯುವ ಒಂದು ತಟ್ಟೆ ಇರುತ್ತದೆ, ಅದು ಇದೆಯೆಂದು ನನಗೆ ಹನ್ನೊಂದು ವರ್ಷ ಗೊತ್ತೇ ಇರಲಿಲ್ಲ. ಟಾರ್ಚು ಬಿಟ್ಟು ತೋರಿಸಿದಳು. ಮೂರೋ ನಾಲ್ಕೋ, ತಲೆ ಕೆಳಗಾಗಿ ತೂಗುತ್ತಿದ್ದವು. ಒಗ್ಗರಣೆ ಸೀದುಹೋಯಿತು. ನಿಮ್ಮ ಫ್ರಿಜ್ಜಿನ ಹಿಂದೆಯೂ ಇವತ್ತೇ ಒಮ್ಮೆ ಬಗ್ಗಿ ನೋಡಿ.